ಎದುರು ಬೀದಿಗೆ ಹೋಗಲು ಕೊಂಕಣ ಸುತ್ತಿ ಮೈಲಾರ: ದೇಶದೊಳಗಿನ ಪೀರಿಂಗ್ ಜಗಳದ ಖರ್ಚು ಯಾರ ತಲೆಗೆ?

ಒಂಬತ್ತು_ಗಂಟೆ ಬರೆದದ್ದು:

ಗೆಳೆಯರೇ, ನಾಲ್ಕು ವಾರದಿಂದ ಒಂದೇ ವಿಷಯ ತಲೆ ತಿನ್ನುತ್ತಿದೆ. ಮನೆಯಲ್ಲಿ ಒಂದು ಸಣ್ಣ ಕಂಪನಿಯ ಫೈಬರ್ ಇದೆ. ಆಫೀಸಿನ ಸರ್ವರ್ ಇನ್ನೊಂದು ದೊಡ್ಡ ಕಂಪನಿಯ ಲೈನಿನಲ್ಲಿದೆ. ಎರಡೂ ಒಂದೇ ಊರಿನಲ್ಲಿವೆ, ಮಧ್ಯೆ ಹತ್ತು ಕಿಲೋಮೀಟರ್ ಕೂಡ ಇಲ್ಲ. ಹಗಲು ಹೇಗೋ ನಡೆಯುತ್ತದೆ. ರಾತ್ರಿ ಎಂಟೂವರೆ ದಾಟಿತೋ, ಫೈಲ್ ತೆರೆಯುವುದಿಲ್ಲ. ಕಾಲ್‌ನಲ್ಲಿ ಮಾತು ತುಂಡು ತುಂಡಾಗುತ್ತದೆ.

ನಿನ್ನೆ ಟ್ರೇಸ್‌ರೌಟ್ (ಡೇಟಾ ಯಾವ ಯಾವ ರೌಟರ್ ದಾಟಿ ಹೋಗುತ್ತದೆ ಎಂದು ತೋರಿಸುವ ಪರೀಕ್ಷೆ) ಹಾಕಿ ನೋಡಿದೆ. ಮೂರನೇ ಹಾಪ್ (ರೌಟರ್) ಆದಮೇಲೆ ಪ್ಯಾಕೆಟ್ (ಡೇಟಾದ ತುಂಡು) ದೇಶವನ್ನೇ ಬಿಟ್ಟು ಹೋಗುತ್ತಿದೆ! ಸಮುದ್ರದಾಚೆ ಹೋಗಿ, ಅಲ್ಲಿಂದ ತಿರುಗಿ ಮತ್ತೆ ನಮ್ಮ ಊರಿಗೇ ಬರುತ್ತಿದೆ. ಹೋಗಿ ಬರಲು 184 ಮಿಲಿಸೆಕೆಂಡ್. ಕೊಂಕಣ ಸುತ್ತಿ ಮೈಲಾರಕ್ಕೆ ಹೋದ ಹಾಗೆ ಅಲ್ವಾ ಇದು?

ಮನೆಯ ಕಂಪನಿಗೆ ಫೋನ್ ಮಾಡಿದರೆ, ಸ್ಪೀಡ್ ಟೆಸ್ಟ್ ಮಾಡಿ ಎಂದರು. ಮಾಡಿದೆ. ಪೂರ್ತಿ ಸ್ಪೀಡ್ ಬಂತು. ನಮ್ಮ ಕಡೆ ಎಲ್ಲ ಸರಿ ಇದೆ ಎಂದು ದೂರು ಮುಚ್ಚಿಬಿಟ್ಟರು. ಆಫೀಸಿನ ಕಂಪನಿಯೂ ಅದೇ ಮಾತು. ಇಬ್ಬರಿಗೂ ತಿಂಗಳು ತಿಂಗಳು ಹಣ ಹೋಗುತ್ತಿದೆ. ಇಬ್ಬರೂ ಒಂದೇ ಊರಿನಲ್ಲಿದ್ದಾರೆ. ಮಧ್ಯೆ ಒಂದು ವಯರ್ ಹಾಕಿಕೊಳ್ಳಲು ಏನು ಕಷ್ಟ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ನಾಲ್ಕನೇ_ರ್ಯಾಕ್ ಬರೆದದ್ದು:

ನಾನು ಒಂದು ಸಣ್ಣ ಇಂಟರ್ನೆಟ್ ಕಂಪನಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ, ನಿಮ್ಮ ಕಂಪನಿ ಅಲ್ಲ. ಮೊದಲು ಸ್ಪೀಡ್ ಟೆಸ್ಟ್ ವಿಷಯ ಹೇಳಿಬಿಡುತ್ತೇನೆ. ಟೆಸ್ಟ್ ಸರ್ವರ್ ಸಾಮಾನ್ಯವಾಗಿ ನಿಮ್ಮ ಕಂಪನಿಯ ಒಳಗೇ ಇರುತ್ತದೆ, ಇಲ್ಲವೇ ಒಂದೇ ಹೆಜ್ಜೆ ಆಚೆ. ಅದು ಅಳೆಯುವುದು ನಿಮ್ಮ ಮನೆಯಿಂದ ಅವರ ಬಾಗಿಲಿನವರೆಗಿನ ದಾರಿಯನ್ನು. ನಿಮ್ಮ ತೊಂದರೆ ಇರುವುದು ಬಾಗಿಲಿನ ಆಚೆ, ಇಬ್ಬರ ನೆಟ್‌ವರ್ಕ್ ಸೇರುವ ಜಾಗದಲ್ಲಿ.

ಸೇರಲು ಎರಡು ದಾರಿ ಇವೆ. ಒಂದು ಟ್ರಾನ್ಸಿಟ್. ನಾನು ಇನ್ನೊಬ್ಬರಿಗೆ ಹಣ ಕೊಡುತ್ತೇನೆ, ಅವರು ನನ್ನನ್ನು ಇಡೀ ಇಂಟರ್ನೆಟ್‌ಗೆ ಮುಟ್ಟಿಸುತ್ತಾರೆ. ಇನ್ನೊಂದು ಪೀರಿಂಗ್. ನನ್ನ ಗ್ರಾಹಕರು, ನಿನ್ನ ಗ್ರಾಹಕರು, ಇಷ್ಟರ ಮಟ್ಟಿಗೆ ನೇರವಾಗಿ ಬದಲಾಯಿಸಿಕೊಳ್ಳೋಣ ಎಂದು. ಬಹಳ ಸಲ ಇದರಲ್ಲಿ ಇಬ್ಬರೂ ಇನ್ನೊಬ್ಬರಿಗೆ ಹಣ ಕೊಡುವುದಿಲ್ಲ. ಹಾಗಂತ ಖರ್ಚೇ ಇಲ್ಲ ಅಂತಲ್ಲ. ಪೋರ್ಟ್ (ವಯರ್ ಚುಚ್ಚುವ ಜಾಗ) ಬೇಕು, ಡೇಟಾ ಸೆಂಟರಿನಲ್ಲಿ ಜಾಗ ಬೇಕು, ಅಲ್ಲಿಯವರೆಗೆ ಫೈಬರ್ ಬೇಕು. ಆದರೆ ಟ್ರಾನ್ಸಿಟ್ ಬಿಲ್ ಮುಂದೆ ಇವೆಲ್ಲ ಚಿಕ್ಕವು.

ಟ್ರಾನ್ಸಿಟ್ ಬಿಲ್ ಹಾಕುವ ಲೆಕ್ಕ ಎಲ್ಲರಿಗೂ ಗೊತ್ತಿರಲಿ. ಐದು ನಿಮಿಷಕ್ಕೊಮ್ಮೆ ಲಿಂಕ್ ಎಷ್ಟು ತುಂಬಿದೆ ಎಂದು ಅಳೆಯುತ್ತಾರೆ. 30 ದಿನಕ್ಕೆ 8,640 ಅಳತೆ. ಅದರಲ್ಲಿ ಎಲ್ಲಕ್ಕಿಂತ ಮೇಲಿನ ಶೇಕಡಾ 5, ಅಂದರೆ 432 ಅಳತೆ, ಸುಮಾರು 36 ಗಂಟೆ, ಬಿಟ್ಟುಬಿಡುತ್ತಾರೆ. ಉಳಿದದ್ದರಲ್ಲಿ ದೊಡ್ಡದು ಯಾವುದೋ ಅದಕ್ಕೆ ಬಿಲ್. ದಿನಾ ರಾತ್ರಿ ಮೂರು ಗಂಟೆ ದಟ್ಟಣೆ ಇದ್ದರೆ ತಿಂಗಳಿಗೆ 90 ಗಂಟೆ ಆಯಿತು. 36 ಗಂಟೆ ಮಾಫಿ ಎಲ್ಲಿಗೂ ಸಾಲುವುದಿಲ್ಲ. ಅಂದರೆ ರಾತ್ರಿ ಒಂಬತ್ತರ ಟ್ರಾಫಿಕ್‌ಗೇ ಸಣ್ಣ ಕಂಪನಿ ಇಡೀ ತಿಂಗಳ ಹಣ ಕಟ್ಟುತ್ತದೆ. ಖರ್ಚು ಉಳಿಸಲು ಕೆಲವರು ಆ ಹೊತ್ತಿಗೆ ಲಿಂಕ್ ತುಂಬಲು ಬಿಡುತ್ತಾರೆ. ನಿಮಗೆ ಕಾಣುತ್ತಿರುವುದು ಅದೇ ಇರಬೇಕು.

ಇನ್ನು ದೊಡ್ಡವರು ಯಾಕೆ ಪೀರಿಂಗ್ ಕೊಡುವುದಿಲ್ಲ? ನಾವೇ ಕೇಳಿ ನೋಡಿದ್ದೇವೆ. ಬಂದ ಉತ್ತರ ಒಂದೇ ಸಾಲು: ಗ್ರಾಹಕರಾಗಿ ಬನ್ನಿ. ಅವರ ಕಣ್ಣಿಗೆ ನಾವು ಸರಿಸಮ ಅಲ್ಲ, ಟ್ರಾನ್ಸಿಟ್ ಕೊಳ್ಳಬೇಕಾದವರು. ಉಚಿತವಾಗಿ ಸೇರಿಸಿಕೊಂಡರೆ ಒಬ್ಬ ಗ್ರಾಹಕ ಕೈ ತಪ್ಪಿದ ಹಾಗೆ.

ಒಂದು ಕೆಲಸ ಮಾಡಿ. ಪೀರಿಂಗ್‌ಡಿಬಿ ಎಂಬ ತಾಣದಲ್ಲಿ (ನೆಟ್‌ವರ್ಕ್‌ಗಳು ತಮ್ಮ ವಿವರ ಹಾಕಿಡುವ ಪಟ್ಟಿ) ಎರಡೂ ಕಂಪನಿಗಳ ಹೆಸರು ಹುಡುಕಿ. ಇಬ್ಬರೂ ಒಂದೇ ಎಕ್ಸ್‌ಚೇಂಜ್‌ನಲ್ಲಿ, ಅಂದರೆ ಕಂಪನಿಗಳ ನೆಟ್‌ವರ್ಕ್ ಸೇರುವ ಜಾಗದಲ್ಲಿ, ಇದ್ದಾರಾ ನೋಡಿ.

ಒಂಬತ್ತು_ಗಂಟೆ ಬರೆದದ್ದು:

ನೋಡಿದೆ. ಇಬ್ಬರೂ ಇದ್ದಾರೆ! ಒಂದೇ ಎಕ್ಸ್‌ಚೇಂಜ್, ಒಂದೇ ಕಟ್ಟಡ. ಹಾಗಾದರೆ ಪ್ಯಾಕೆಟ್ ಯಾಕೆ ಸಮುದ್ರ ದಾಟುತ್ತಿದೆ?

ನಾಲ್ಕನೇ_ರ್ಯಾಕ್ ಬರೆದದ್ದು:

ಒಂದೇ ಕಟ್ಟಡದಲ್ಲಿದ್ದರೆ ಮಾತು ಬಿಟ್ಟವರು ಮಾತಾಡುತ್ತಾರೆ ಅಂತೇನಿಲ್ಲ. ಎಕ್ಸ್‌ಚೇಂಜ್ ಅಂದರೆ ಒಂದು ದೊಡ್ಡ ಸ್ವಿಚ್. ಅದಕ್ಕೆ ವಯರ್ ಚುಚ್ಚಿದ ಮಾತ್ರಕ್ಕೆ ಟ್ರಾಫಿಕ್ ಹರಿಯುವುದಿಲ್ಲ. ಇಬ್ಬರ ರೌಟರ್‌ಗಳ ನಡುವೆ ಬಿಜಿಪಿ ಸೆಷನ್ (ಯಾವ ವಿಳಾಸಕ್ಕೆ ಯಾವ ದಾರಿ, ಅಂದರೆ ರೌಟ್, ಎಂದು ತಿಳಿಸಿಕೊಳ್ಳುವ ಮಾತುಕತೆ) ಆಗಬೇಕು, ಇಲ್ಲವೇ ಇಬ್ಬರೂ ರೌಟ್ ಸರ್ವರ್‌ಗೆ (ಎಲ್ಲರ ರೌಟ್‌ಗಳನ್ನೂ ಒಂದೇ ಕಡೆಯಿಂದ ಹಂಚುವ ಸರ್ವರ್) ಸೇರಿರಬೇಕು. ಆ ಪುಟದಲ್ಲಿ ದೊಡ್ಡ ಕಂಪನಿಯ ಪಾಲಿಸಿ ಏನು ಬರೆದಿದೆ? ಓಪನ್ (ಯಾರು ಕೇಳಿದರೂ ಸರಿ) ಅಂತಲೋ ಸೆಲೆಕ್ಟಿವ್ (ಷರತ್ತು ನೋಡಿ) ಅಂತಲೋ?

ಒಂಬತ್ತು_ಗಂಟೆ ಬರೆದದ್ದು:

ಸೆಲೆಕ್ಟಿವ್. ಬರುವ ಹೋಗುವ ಟ್ರಾಫಿಕ್ಕಿನ ಅನುಪಾತ ನೋಡಲಾಗುತ್ತದೆ ಎಂದೂ ಇದೆ.

ಹೊಸ_ಕಲಿಕೆ ಬರೆದದ್ದು:

ನಾನು ಇನ್ನೂ ಓದುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ. ಫೋನಿನಲ್ಲಿ ಕರೆ ಮಾಡಿದವನು ಹಣ ಕೊಡುತ್ತಾನೆ. ಕರೆ ಹೊರಟ ಕಂಪನಿ, ಕರೆ ಮುಟ್ಟಿದ ಕಂಪನಿಗೆ ಪಾಲು ಕೊಡುತ್ತದೆ. ಇಂಟರ್ನೆಟ್‌ನಲ್ಲೂ ಜಾಸ್ತಿ ಕಳಿಸಿದವರು ಕೊಡಲಿ ಎಂದರೆ ಮುಗಿಯಿತಲ್ಲ?

ಸರ್ವರ್_ಕಾವಲು ಬರೆದದ್ದು:

ಪ್ರಶ್ನೆ ಒಳ್ಳೆಯದೇ. ಸರ್ಕಾರಗಳೂ ಹಾಗೇ ಯೋಚಿಸಿವೆ. ಆದರೆ ಫೋನಿನ ಲೆಕ್ಕ ಇಲ್ಲಿ ಕೂರುವುದಿಲ್ಲ. ನೀವು ಒಂದು ವಿಡಿಯೊ ಒತ್ತುತ್ತೀರಿ. ನಿಮ್ಮಿಂದ ಹೋದದ್ದು ಚೂರೇ ಚೂರು ಕೋರಿಕೆ. ಆ ಕಡೆಯಿಂದ ಬಂದದ್ದು ನೂರಾರು ಪಟ್ಟು. ಈಗ ಕರೆ ಮಾಡಿದವರು ಯಾರು? ಕೇಳಿದ ನೀವಾ, ಕಳಿಸಿದ ಸರ್ವರ್ರಾ?

ಇದಕ್ಕೆ ಎರಡು ದೇಶ ಎರಡು ತದ್ವಿರುದ್ಧ ಉತ್ತರ ಕೊಟ್ಟಿವೆ. ಭಾರತದಲ್ಲಿ 2003ರಲ್ಲಿ ನಿಕ್ಸಿ ಎಂಬ ರಾಷ್ಟ್ರೀಯ ಎಕ್ಸ್‌ಚೇಂಜ್ ಶುರುವಾಯಿತು. ದೇಶದೊಳಗಿನ ಟ್ರಾಫಿಕ್ ಹೊರದೇಶ ಸುತ್ತಿ ಬರುವುದನ್ನು ತಪ್ಪಿಸುವುದೇ ಅದರ ಉದ್ದೇಶ. ಅಲ್ಲಿ ತಂದ ಲೆಕ್ಕ: ತೆಗೆದುಕೊಂಡದ್ದರಲ್ಲಿ ಕೊಟ್ಟದ್ದನ್ನು ಕಳೆಯಿರಿ, ಜಾಸ್ತಿ ತೆಗೆದುಕೊಂಡವರು ಹಣ ಕೊಡಿ. ಅಂದರೆ ಕೇಳಿದವರು ಕೊಡಬೇಕು. ದಕ್ಷಿಣ ಕೊರಿಯಾ 2016ರಲ್ಲಿ ತಂದ ನಿಯಮ ಪೂರ್ತಿ ಉಲ್ಟಾ. ಕಳಿಸಿದ ಕಂಪನಿ ಕೊಡಬೇಕು.

ಎರಡೂ ನ್ಯಾಯ ಅನ್ನುವ ಹೆಸರಿನಲ್ಲೇ ಬಂದವು. ಯೋಚನೆ ಮಾಡಿ. ಮೊದಲನೆಯದರಲ್ಲಿ ಮನೆ ಗ್ರಾಹಕರೇ ತುಂಬಿರುವ ಸಣ್ಣ ಕಂಪನಿ ಹಣ ಕಟ್ಟಬೇಕು, ಏಕೆಂದರೆ ಮನೆಯವರು ಇಳಿಸಿಕೊಳ್ಳುವುದೇ ಜಾಸ್ತಿ. ಎರಡನೆಯದರಲ್ಲಿ ತನ್ನ ಒಳಗೆ ಒಳ್ಳೆಯ ವಿಷಯ, ಕ್ಯಾಶ್ ಸರ್ವರ್ (ವಿಷಯದ ಪ್ರತಿಯನ್ನು ಹತ್ತಿರದಿಂದಲೇ ಕೊಡುವ ಸರ್ವರ್) ಇಟ್ಟುಕೊಂಡ ಕಂಪನಿಗೆ ದಂಡ ಬಿದ್ದ ಹಾಗೆ.

ಕೊರಿಯಾದಲ್ಲಿ ಆದದ್ದೂ ಅದೇ. ಫೇಸ್‌ಬುಕ್‌ನ ಕ್ಯಾಶ್ ಸರ್ವರ್ ಕೆಟಿ ಎಂಬ ಇಂಟರ್ನೆಟ್ ಕಂಪನಿಯಲ್ಲಿತ್ತು. ಉಳಿದ ಎರಡು ಕಂಪನಿಗಳ ಗ್ರಾಹಕರಿಗೂ ಅಲ್ಲಿಂದಲೇ ಹೋಗುತ್ತಿತ್ತು. ಹೊಸ ನಿಯಮ ಬಂದಮೇಲೆ ಹೀಗೆ ಕಳಿಸಿದ್ದಕ್ಕೆ ಕೆಟಿ ಕೈಯಿಂದ ಕೊಡಬೇಕಾಯಿತು. ಆ ಖರ್ಚನ್ನು ಕೆಟಿ ಫೇಸ್‌ಬುಕ್ ಕಡೆ ತಿರುಗಿಸಿತು. ಫೇಸ್‌ಬುಕ್ ಉಳಿದ ಇಬ್ಬರ ಟ್ರಾಫಿಕ್ಕನ್ನು ದೇಶದ ಹೊರಗಿನ ದಾರಿಗೆ ಹಾಕಿತು. ಜನಕ್ಕೆ ಪುಟ ತೆರೆಯದಾಯಿತು. 2018ರಲ್ಲಿ ಅಲ್ಲಿನ ಸಂವಹನ ಆಯೋಗ ಫೇಸ್‌ಬುಕ್‌ಗೆ 39.6 ಕೋಟಿ ವಾನ್ ದಂಡ ಹಾಕಿತು. ಕೋರ್ಟುಗಳು ಆ ದಂಡವನ್ನು ಒಪ್ಪಲಿಲ್ಲ. 2023ರ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಕೂಡ ಫೇಸ್‌ಬುಕ್ ಪರವೇ ಹೇಳಿತು.

ಲೈವ್ ವಿಡಿಯೊ ತಾಣ ಟ್ವಿಚ್ ಕಥೆ ಇನ್ನೂ ಬೇಜಾರು. 2022ರಲ್ಲಿ ಕೊರಿಯಾದವರಿಗೆ ವಿಡಿಯೊ ಗುಣಮಟ್ಟ 720ಪಿ‌ಗೆ ಇಳಿಸಿತು. ನೆಟ್‌ವರ್ಕ್ ಶುಲ್ಕ ಬಹುತೇಕ ಬೇರೆ ದೇಶಗಳಿಗಿಂತ 10 ಪಟ್ಟು ಜಾಸ್ತಿ ಎಂದು ಹೇಳಿ, 2024ರ ಫೆಬ್ರವರಿಯಲ್ಲಿ ಆ ದೇಶದ ವ್ಯವಹಾರವನ್ನೇ ಮುಚ್ಚಿತು. ಅದನ್ನೇ ನಂಬಿ ದುಡಿಯುತ್ತಿದ್ದವರು ಬೇರೆ ದಾರಿ ಹುಡುಕಬೇಕಾಯಿತು.

ಹಳೇ_ಬೆನ್ನೆಲುಬು ಬರೆದದ್ದು:

ಇಲ್ಲಿ ದೊಡ್ಡ ಕಂಪನಿಗಳ ಪರ ಮಾತಾಡುವವರು ಯಾರೂ ಇಲ್ಲ, ಹಾಗಾಗಿ ನಾನು ಹೇಳುತ್ತೇನೆ. ಇಪ್ಪತ್ತು ವರ್ಷ, ದೂರದ ಊರುಗಳನ್ನು ಜೋಡಿಸುವ ದೊಡ್ಡ ಬ್ಯಾಕ್‌ಬೋನ್‌ಗಳಲ್ಲಿ ಕೆಲಸ ಮಾಡಿದ್ದೇನೆ.

ಅನುಪಾತ ಅನ್ನುವುದು ಸುಮ್ನೆ ಹುಟ್ಟಿದ್ದಲ್ಲ. ಅದರ ಹಿಂದೆ ಹಾಟ್ ಪೊಟೇಟೊ ರೌಟಿಂಗ್ ಇದೆ. ಪ್ರತಿ ನೆಟ್‌ವರ್ಕೂ ತನ್ನ ಕೈಗೆ ಬಂದ ಪ್ಯಾಕೆಟ್ಟನ್ನು ಹತ್ತಿರದ ಸೇರುವ ಜಾಗದಲ್ಲೇ ಇನ್ನೊಬ್ಬರಿಗೆ ದಾಟಿಸಿಬಿಡುತ್ತದೆ. ನಾನು ದೇಶದ ಉದ್ದಕ್ಕೂ ಫೈಬರ್ ಎಳೆದಿದ್ದೇನೆ ಅಂದುಕೊಳ್ಳಿ. ನೀವು ಒಂದೇ ಊರಿನಲ್ಲಿದ್ದೀರಿ. ನಿಮ್ಮ ಪ್ಯಾಕೆಟ್ ನೀವು ನಿಮ್ಮೂರಲ್ಲೇ ನನಗೆ ಕೊಡುತ್ತೀರಿ. ಎರಡು ಸಾವಿರ ಕಿಲೋಮೀಟರ್ ಹೊರುವವನು ನಾನು. ವಾಪಸ್ ಬರುವ ಪ್ಯಾಕೆಟ್ಟನ್ನೂ ನಿಮ್ಮೂರಿನವರೆಗೆ ತಂದು ಕೊಡುವವನು ನಾನೇ, ಏಕೆಂದರೆ ನೀವು ಬೇರೆಲ್ಲೂ ಇಲ್ಲ. ಇದರಲ್ಲಿ ಸರಿಸಮ ಎಲ್ಲಿದೆ? ಅದಕ್ಕೇ ಇಂತಿಷ್ಟು ಊರುಗಳಲ್ಲಿ ಸೇರಬೇಕು, ಬರುವುದು ಹೋಗುವುದು 2:1 ಮೀರಬಾರದು ಎಂಬ ಷರತ್ತು ಬಂದದ್ದು.

ಇನ್ನು ಮನೆಮನೆಗೆ ಲೈನ್ ಎಳೆಯುವ ಖರ್ಚು. ನೆಲ ಅಗೆದು, ಕಂಬ ಹತ್ತಿ, ಪರವಾನಗಿಗೆ ಅಲೆದು ಎಳೆಯುವವರು ನಾವು. ಇದನ್ನೂ ಸ್ವಲ್ಪ ನೋಡಿ.

ನಾಲ್ಕನೇ_ರ್ಯಾಕ್ ಬರೆದದ್ದು:

ದೂರ ಹೊರುವ ಖರ್ಚಿನ ಮಾತು ನ್ಯಾಯವಾದದ್ದು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಕೇಳುತ್ತಿರುವುದು ಒಂದೇ ಊರಿನ ಟ್ರಾಫಿಕ್. ನಿಮ್ಮ ಆ ಊರಿನ ಗ್ರಾಹಕರ ರೌಟ್‌ಗಳನ್ನು ಮಾತ್ರ ಆ ಎಕ್ಸ್‌ಚೇಂಜ್‌ನಲ್ಲಿ ಕೊಡಿ. ಎರಡು ಸಾವಿರ ಕಿಲೋಮೀಟರ್ ಪ್ರಶ್ನೆಯೇ ಬರುವುದಿಲ್ಲ.

2:1 ಅನುಪಾತ, ಹೆಚ್ಚುಕಮ್ಮಿ ಒಂದೇ ತರಹದ ಎರಡು ಬ್ಯಾಕ್‌ಬೋನ್‌ಗಳ ನಡುವೆ ಸರಿ ಇತ್ತು. ಮನೆ ಗ್ರಾಹಕರ ನೆಟ್‌ವರ್ಕ್ ಇಳಿಸಿಕೊಳ್ಳುತ್ತದೆ. ಸರ್ವರ್ ಇರುವ ನೆಟ್‌ವರ್ಕ್ ಕಳಿಸುತ್ತದೆ. ಅವರವರ ಕೆಲಸವೇ ಅದು. ಇಂಥ ಇಬ್ಬರ ಮಧ್ಯೆ 2:1 ಯಾವತ್ತೂ ಬರುವುದಿಲ್ಲ. ಬರದ ಷರತ್ತು ಹಾಕುವುದೂ ಒಂದೇ, ಬಾಗಿಲು ಹಾಕುವುದೂ ಒಂದೇ.

ಮನೆಗೆ ಲೈನ್ ಎಳೆದ ಖರ್ಚಿಗೆ ಮನೆಯವರು ತಿಂಗಳು ತಿಂಗಳು ಬಿಲ್ ಕಟ್ಟುತ್ತಿದ್ದಾರೆ. ಬಿಲ್ ಸಾಲದಿದ್ದರೆ ಬಿಲ್ ಬಗ್ಗೆ ಮಾತಾಡೋಣ. ಅದನ್ನು ಪೀರಿಂಗ್ ಬಾಗಿಲಲ್ಲಿ ನಿಂತು ಇನ್ನೊಬ್ಬರಿಂದ ವಸೂಲಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಕಾಯ್ದೆ_ಓದುಗ ಬರೆದದ್ದು:

ಈ ಜಗಳಕ್ಕೆ ದೊಡ್ಡ ಚರಿತ್ರೆ ಇದೆ. 1998ರಲ್ಲಿ ಆಸ್ಟ್ರೇಲಿಯಾದಲ್ಲಿ ಇದೇ ದೂರು ಬಂದಿತ್ತು. ಅಲ್ಲಿನ ದೊಡ್ಡ ಕಂಪನಿ ಟೆಲ್‌ಸ್ಟ್ರಾ ತನ್ನ ನೆಟ್‌ವರ್ಕ್‌ಗೆ ಬರುವವರಿಂದ ಹಣ ತೆಗೆದುಕೊಳ್ಳುತ್ತದೆ, ತಾನು ಅವರಿಂದ ಪಡೆದದ್ದಕ್ಕೆ ಏನೂ ಕೊಡುವುದಿಲ್ಲ ಎಂದು. ಅಲ್ಲಿನ ಸ್ಪರ್ಧಾ ಆಯೋಗ ನೋಟಿಸ್ ಕೊಟ್ಟಿತು. ಆಮೇಲೆ ಟೆಲ್‌ಸ್ಟ್ರಾ ಮೂರು ಕಂಪನಿಗಳ ಜೊತೆ ಪೀರಿಂಗ್ ಮಾಡಿಕೊಂಡಿತು. ಆದರೆ ಒಳಗೆ ಹೋದವರು ಆ ಮೂವರೇ. ಉಳಿದ ಸಣ್ಣವರು ಹೊರಗೇ ಉಳಿದರು. ನಾಲ್ವರ ಕೂಟ ಅಂತಲೇ ಜನ ಕರೆಯತೊಡಗಿದರು. ಹೊರಗಿದ್ದವನು ಒಳಗೆ ಹೋದಮೇಲೆ ಬಾಗಿಲು ತೆರೆದಿಡಲು ಅವನಿಗೆ ಮನಸ್ಸಾಗುವುದಿಲ್ಲ. ಈ ವಿಷಯದಲ್ಲಿ ನನಗೆ ತುಂಬ ನೋವು ಕೊಡುವ ಸಂಗತಿ ಇದು.

ಸ್ವಿಟ್ಜರ್ಲೆಂಡಿನಲ್ಲಿ ಇನಿಟ್7 ಎಂಬ ಸಣ್ಣ ಕಂಪನಿ ಸ್ವಿಸ್‌ಕಾಮ್ ಮೇಲೆ ದೂರು ಕೊಟ್ಟಿತು. ಅಲ್ಲೂ ಗಲಾಟೆ 2:1 ಅನುಪಾತದ್ದೇ. 2018ರಲ್ಲಿ ನಿಯಂತ್ರಣ ಆಯೋಗ ದೂರನ್ನು ತಳ್ಳಿಹಾಕಿತು. 2020ರಲ್ಲಿ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿ ಮತ್ತೆ ನೋಡಿ ಎಂದಿತು. ಒಂದು ಸಣ್ಣ ಕಂಪನಿ ಇಷ್ಟು ವರ್ಷ ವಕೀಲರಿಗೆ ಹಣ ಸುರಿಯಬೇಕು. ಎಷ್ಟು ಜನರಿಗೆ ಅದು ಸಾಧ್ಯ?

ಎಲ್ಲ ತೀರ್ಪೂ ಒಂದೇ ಕಡೆ ಹೋಗಿಲ್ಲ, ಅದನ್ನೂ ಹೇಳಬೇಕು. ಫ್ರಾನ್ಸಿನ ಸ್ಪರ್ಧಾ ಪ್ರಾಧಿಕಾರ 2012ರಲ್ಲಿ, ಟ್ರಾಫಿಕ್ ತೀರಾ ಒಂದೇ ಕಡೆ ವಾಲಿದ್ದರೆ ಫ್ರಾನ್ಸ್ ಟೆಲಿಕಾಂ ಹಣ ಕೇಳಬಹುದು ಎಂದಿತು. ಎದುರಿಗಿದ್ದದ್ದು ಕೋಜೆಂಟ್ ಎಂಬ ಟ್ರಾನ್ಸಿಟ್ ಕಂಪನಿ. ಜರ್ಮನಿಯ ಕಲೋನ್ ಕೋರ್ಟ್ 2024ರ ಮೇನಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿ ಡಾಯ್ಚ ಟೆಲಿಕಾಂಗೆ ಸುಮಾರು 2 ಕೋಟಿ ಯೂರೊ ಕೊಡಬೇಕು ಎಂದಿತು. ಸೆಪ್ಟೆಂಬರ್‌ನಲ್ಲಿ ಮೆಟಾ ನೇರ ಲಿಂಕ್ ಬಿಟ್ಟು ಮೂರನೆಯವರ ಮೂಲಕ ಟ್ರಾಫಿಕ್ ಕಳಿಸತೊಡಗಿತು.

ಒಂಬತ್ತು_ಗಂಟೆ ಬರೆದದ್ದು:

ಓದುತ್ತಾ ಓದುತ್ತಾ ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವುದೇ ನೆನಪಾಗುತ್ತಿದೆ. ಎಲ್ಲ ಕಡೆ ಕೂಸು ನಾವೇ. ಜಗಳ ಜಾಸ್ತಿಯಾಗಿ ಲಿಂಕನ್ನೇ ಕತ್ತರಿಸಿಬಿಟ್ಟರೆ ಏನಾಗುತ್ತದೆ?

ಕಾಯ್ದೆ_ಓದುಗ ಬರೆದದ್ದು:

ಕತ್ತರಿಸಿದ್ದಾರೆ. 2005ರ ಅಕ್ಟೋಬರ್ 5ರಂದು ಲೆವೆಲ್ 3 ಕಂಪನಿ ಕೋಜೆಂಟ್ ಜೊತೆಗಿನ ಪೀರಿಂಗ್ ನಿಲ್ಲಿಸಿತು. ಬೇರೆ ದಾರಿ ಇದ್ದವರಿಗೆ ಏನೂ ಆಗಲಿಲ್ಲ. ಆದರೆ ಲೆವೆಲ್ 3 ಒಂದನ್ನೇ ನಂಬಿದ್ದವರು, ಕೋಜೆಂಟ್ ಒಂದನ್ನೇ ನಂಬಿದ್ದವರನ್ನು ಮುಟ್ಟಲಾಗಲಿಲ್ಲ. ಇಮೇಲ್ ಹೋಗಲಿಲ್ಲ, ತಾಣ ತೆರೆಯಲಿಲ್ಲ. ಕೆಲವು ದಿನ ಬಿಟ್ಟು ಲಿಂಕ್ ಮತ್ತೆ ಶುರುವಾಯಿತು. ಆ ತಿಂಗಳ ಕೊನೆಗೆ ಒಪ್ಪಂದವೂ ಆಯಿತು. 2008ರಲ್ಲಿ ಕೋಜೆಂಟ್‌ಗೂ ಸ್ಪ್ರಿಂಟ್‌ಗೂ ಹೀಗೇ ಆಯಿತು.

ಹೊಸ_ಕಲಿಕೆ ಬರೆದದ್ದು:

ಐಪಿವಿ6 (ಇಂಟರ್ನೆಟ್ ವಿಳಾಸದ ಹೊಸ ಪದ್ಧತಿ) ವಿಷಯದಲ್ಲೂ ಒಂದು ಓದಿದ್ದೆ. 2009ರಲ್ಲಿ ಹರಿಕೇನ್ ಎಲೆಕ್ಟ್ರಿಕ್ ಎಂಬ ನೆಟ್‌ವರ್ಕ್ ಕಂಪನಿಯವರು, ದಯವಿಟ್ಟು ನಮ್ಮ ಜೊತೆ ಪೀರ್ ಮಾಡಿ ಎಂದು ಕೋಜೆಂಟ್‌ಗೆ ಕೇಕ್ ಮೇಲೆ ಬರೆಸಿ ಕೇಳಿಕೊಂಡರಂತೆ. ಆದರೂ ಕೆಲಸ ಆಗಲಿಲ್ಲ. ವರ್ಷಗಟ್ಟಲೆ ಆ ಇಬ್ಬರ ಐಪಿವಿ6 ನೆಟ್‌ವರ್ಕ್‌ಗಳು ಒಂದಕ್ಕೊಂದು ಕಾಣಿಸಲೇ ಇಲ್ಲ.

ದಾರಿ_ಹತ್ತಿರ ಬರೆದದ್ದು:

ಬರೀ ಕೆಟ್ಟದ್ದೇ ಹೇಳಿ ಮುಗಿಸಬೇಡಿ. ಕೆನ್ಯಾದ ಕಥೆ ಕೇಳಿ, ನನಗೆ ಧೈರ್ಯ ಕೊಡುವ ಕಥೆ ಅದು.

ಅಲ್ಲಿನ ಇಂಟರ್ನೆಟ್ ಕಂಪನಿಗಳು ಸೇರಿ 2000ದ ನವೆಂಬರ್‌ನಲ್ಲಿ ನೈರೋಬಿಯಲ್ಲಿ ಕಿಕ್ಸ್‌ಪಿ ಎಂಬ ಎಕ್ಸ್‌ಚೇಂಜ್ ಶುರು ಮಾಡಿದವು. ಅಲ್ಲಿಯವರೆಗೆ ಪಕ್ಕದ ಆಫೀಸಿಗೆ ಕಳಿಸಿದ ಇಮೇಲ್ ಕೂಡ ಉಪಗ್ರಹ ಹತ್ತಿ ಬೇರೆ ಖಂಡಕ್ಕೆ ಹೋಗಿ ಬರುತ್ತಿತ್ತು. ಟೆಲ್‌ಕಾಂ ಕೆನ್ಯಾ ದೂರು ಕೊಟ್ಟಿತು. ಟ್ರಾಫಿಕ್ ಸಾಗಿಸುವ ಹಕ್ಕು ತನ್ನೊಬ್ಬನದೇ ಎಂದು. ಶುರುವಾದ ಸ್ವಲ್ಪ ದಿನಕ್ಕೇ ಸರ್ಕಾರದ ಆಯೋಗ ಎಕ್ಸ್‌ಚೇಂಜನ್ನು ಮುಚ್ಚಿಸಿತು. ಆ ಕಂಪನಿಗಳು ಬಿಡಲಿಲ್ಲ. ಇದು ಒಂದು ಸ್ವಿಚ್, ಇದಕ್ಕೆ ಯಾವ ಏಕಸ್ವಾಮ್ಯವೂ ಅಡ್ಡ ಬರುವುದಿಲ್ಲ ಎಂದು ವಾದ ಮಾಡುತ್ತಲೇ ಹೋದವು. 2002ರಲ್ಲಿ ಮತ್ತೆ ತೆರೆಯಿತು.

ಹತ್ತು ವರ್ಷ ಆದಮೇಲೆ, 2012ರಲ್ಲಿ ಇಂಟರ್ನೆಟ್ ಸೊಸೈಟಿ ಅದರ ಮೇಲೆ ವರದಿ ತಂದಿತು. 200ರಿಂದ 600 ಮಿಲಿಸೆಕೆಂಡ್ ಇದ್ದ ಲೇಟೆನ್ಸಿ (ಹೋಗಿ ಬರುವ ಸಮಯ) 2ರಿಂದ 10ಕ್ಕೆ ಇಳಿದಿತ್ತು. ಹೊರದೇಶದ ಬ್ಯಾಂಡ್‌ವಿಡ್ತ್ ಖರ್ಚಿನಲ್ಲಿ ವರ್ಷಕ್ಕೆ ಸುಮಾರು 14 ಲಕ್ಷ ಡಾಲರ್ ಉಳಿಯುತ್ತಿತ್ತು. ಈ ಉಳಿತಾಯ ಯಾರೋ ಒಬ್ಬರ ಜೇಬಿನಿಂದ ಕಿತ್ತದ್ದಲ್ಲ. ಸುಮ್ನೆ ಸಮುದ್ರದಾಚೆ ಹೋಗುತ್ತಿದ್ದ ಹಣ. ಪೀರಿಂಗ್ ಜಗಳ ಆಡುವ ಎರಡು ಕಂಪನಿಗಳೂ ಒಂದು ಮಾತು ಮರೆಯುತ್ತವೆ: ಇಬ್ಬರೂ ಹಠ ಹಿಡಿದರೆ ಮೂರನೆಯವನಿಗೆ ಇಬ್ಬರೂ ಹಣ ಕಟ್ಟುತ್ತಾರೆ.

ಹಳೇ_ಬೆನ್ನೆಲುಬು ಬರೆದದ್ದು:

ಇದನ್ನು ಒಪ್ಪುತ್ತೇನೆ. ನಮ್ಮಲ್ಲೂ ಹಠಕ್ಕೆ ಬಿದ್ದು ಟ್ರಾನ್ಸಿಟ್ ಬಿಲ್ ಜಾಸ್ತಿ ಮಾಡಿಕೊಂಡ ದಿನಗಳಿವೆ. ಆಗ ಮಾರಾಟದ ವಿಭಾಗಕ್ಕೆ ಒಂದು ಗ್ರಾಹಕ ಸಿಗಬಹುದೆಂಬ ಆಸೆ. ನೆಟ್‌ವರ್ಕ್ ವಿಭಾಗಕ್ಕೆ ಬಿಲ್. ಇಬ್ಬರ ಲೆಕ್ಕವನ್ನು ಯಾರೂ ಒಟ್ಟಿಗೆ ಇಟ್ಟು ನೋಡುತ್ತಿರಲಿಲ್ಲ.

ಒಂಬತ್ತು_ಗಂಟೆ ಬರೆದದ್ದು:

ಹಾಗಾದರೆ ಕಾನೂನು ತಂದು, ದೇಶದೊಳಗಿನ ಎಲ್ಲರೂ ಪೀರ್ ಮಾಡಲೇಬೇಕು ಎಂದರೆ?

ಸರ್ವರ್_ಕಾವಲು ಬರೆದದ್ದು:

ನನಗೆ ಭಯ. ಕೊರಿಯಾದಲ್ಲಿ ನಿಯಮ ಬಂದದ್ದರಿಂದಲೇ ಇಷ್ಟೆಲ್ಲ ಆಯಿತು. ಪ್ಯಾಕೆಟ್ ಕ್ಲಿಯರಿಂಗ್ ಹೌಸ್ ಸಂಸ್ಥೆ 2011ರಲ್ಲಿ 1,42,210 ಪೀರಿಂಗ್ ಒಪ್ಪಂದಗಳನ್ನು ನೋಡಿತು. ಅದರಲ್ಲಿ ಶೇಕಡಾ 99.51 ಕ್ಕೆ ಬರೆದ ಕರಾರೇ ಇರಲಿಲ್ಲ. ಬಾಯಿಮಾತು, ಕೈ ಕುಲುಕುವುದು, ಮುಗಿಯಿತು. ಇಷ್ಟು ಚೆನ್ನಾಗಿ ನಂಬಿಕೆಯ ಮೇಲೆ ನಡೆಯುವುದನ್ನು ಶುಲ್ಕ, ಅರ್ಜಿ, ಲೆಕ್ಕಪತ್ರದ ಕೆಳಗೆ ತಂದರೆ ಮೊದಲು ಸಾಯುವವರು ಸಣ್ಣವರು.

ಕಾಯ್ದೆ_ಓದುಗ ಬರೆದದ್ದು:

ಆ 99.51ರಲ್ಲಿ ಆದ ಒಪ್ಪಂದಗಳಷ್ಟೇ ಇವೆ, ಸರ್. ಬಾಗಿಲಲ್ಲೇ ಹಿಂದಕ್ಕೆ ಕಳಿಸಿದವರ ಲೆಕ್ಕ ಅದರಲ್ಲಿಲ್ಲ. ಒಂದು ದೇಶದ ಮನೆಗಳಲ್ಲಿ ಅರ್ಧದಷ್ಟು ಒಂದೇ ಕಂಪನಿಯ ಕೈಯಲ್ಲಿದ್ದರೆ ಆ ಕಂಪನಿಗೆ ನಂಬಿಕೆಯ ಅಗತ್ಯ ಇರುವುದಿಲ್ಲ. ಬೇರೆಯವರಿಗೆ ಅವರು ಬೇಕು, ಅವರಿಗೆ ಬೇರೆಯವರು ಬೇಡ.

ನಾನು ದರ ಕಟ್ಟುವ ಕಾನೂನು ಕೇಳುತ್ತಿಲ್ಲ. ಪಾಲಿಸಿ ಎಲ್ಲರಿಗೂ ಕಾಣುವ ಹಾಗೆ ಬರೆದಿರಲಿ. ಬೇಡ ಎಂದರೆ ಕಾರಣ ಕೊಡಲಿ. ಸೇರುವ ಜಾಗದ ಲಿಂಕ್‌ಗಳು ಸಂಜೆ ಎಷ್ಟು ತುಂಬುತ್ತವೆ ಎಂದು ನಿಯಂತ್ರಕರಿಗೆ ತೋರಿಸಲಿ. ಈ ಮೂರು ಇದ್ದರೂ ಅರ್ಧ ಜಗಳ ಕಡಿಮೆಯಾಗುತ್ತದೆ.

ಸರ್ವರ್_ಕಾವಲು ಬರೆದದ್ದು:

ಮೂರನೆಯದಕ್ಕೆ ನನ್ನ ಪೂರ್ತಿ ಬೆಂಬಲ. ಅಮೆರಿಕದಲ್ಲಿ 2014ರಲ್ಲಿ ಎಂ-ಲ್ಯಾಬ್ ಸಂಶೋಧಕರು ಹೊರಗಿನಿಂದ ಅಳೆದು ತೋರಿಸಿದ್ದು ಇದನ್ನೇ. ಮನೆಯ ಲೈನ್ ಚೆನ್ನಾಗಿತ್ತು, ಟ್ರಾನ್ಸಿಟ್ ಕಂಪನಿಯೂ ಚೆನ್ನಾಗಿತ್ತು. ಕೆಲವು ಜೋಡಿಗಳ ನಡುವೆ ಮಾತ್ರ ಸಂಜೆ ಹೊತ್ತು ತಿಂಗಳುಗಟ್ಟಲೆ ಕುಸಿತ. ಲಿಂಕ್ ಕತ್ತರಿಸಿದರೆ ಪತ್ರಿಕೆಯಲ್ಲಿ ಬರುತ್ತದೆ. ಲಿಂಕ್ ತುಂಬಲು ಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ, ಗ್ರಾಹಕ ತನ್ನ ವೈಫೈಯನ್ನೇ ಬೈಯುತ್ತಾನೆ.

ನಾಲ್ಕನೇ_ರ್ಯಾಕ್ ಬರೆದದ್ದು:

ಹಾಗಾಗಿ ಅಳೆಯುವುದು ಮುಖ್ಯ. ಒಂಬತ್ತು ಗಂಟೆಯವರೇ, ನೀವು ಹೀಗೆ ಮಾಡಿ. ಒಂದು ಟ್ರೇಸ್‌ರೌಟ್ ಸಾಲದು. ಅದು ತೋರಿಸುವುದು ಹೋಗುವ ದಾರಿಯನ್ನು ಮಾತ್ರ. ಬರುವ ದಾರಿ ಬೇರೆಯೇ ಇರಬಹುದು. ಆಫೀಸಿನ ಸರ್ವರ್‌ನಿಂದ ನಿಮ್ಮ ಮನೆ ಕಡೆಗೂ ಒಂದು ಹಾಕಿಸಿ. ಎಂಟಿಆರ್ (ಟ್ರೇಸ್‌ರೌಟನ್ನೇ ಮತ್ತೆ ಮತ್ತೆ ಹಾಕಿ ಲೆಕ್ಕ ಕೊಡುವ ತಂತ್ರಾಂಶ) ಉಪಯೋಗಿಸಿ, ಸಂಜೆ ನಾಲ್ಕಕ್ಕೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ನಾಲ್ಕೈದು ದಿನ.

ಮಧ್ಯದ ಯಾವುದೋ ಹಾಪ್‌ನಲ್ಲಿ ಶೇಕಡಾ 40 ಲಾಸ್ (ಕಳೆದುಹೋದ ಪ್ಯಾಕೆಟ್) ಕಂಡರೆ ಗಾಬರಿಯಾಗಬೇಡಿ. ರೌಟರ್‌ಗಳು ತಮಗೆ ಬಂದ ಇಂಥ ಪ್ರಶ್ನೆಗಳಿಗೆ ನಿಧಾನವಾಗಿ ಉತ್ತರ ಕೊಡುತ್ತವೆ, ಬೇರೆಯವರ ಪ್ಯಾಕೆಟ್ ಸರಿಯಾಗಿಯೇ ದಾಟಿಸುತ್ತವೆ. ಲಾಸ್ ಒಂದು ಹಾಪ್‌ನಿಂದ ಶುರುವಾಗಿ ಕೊನೆಯವರೆಗೂ ಇದ್ದರೆ ಮಾತ್ರ ನಿಜ.

ದೂರದ ಲೆಕ್ಕವೂ ಸುಲಭ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. 1,000 ಕಿಲೋಮೀಟರ್ ಹೋಗಿ ಬರಲು 10 ಮಿಲಿಸೆಕೆಂಡ್. ಊರೊಳಗಿನ ಸಂಪರ್ಕಕ್ಕೆ 184 ಯಾವ ಲೆಕ್ಕದಲ್ಲೂ ಬರಬಾರದು. ಇದನ್ನೆಲ್ಲ ಒಂದು ಪುಟದಲ್ಲಿ ಬರೆದು, ಕಸ್ಟಮರ್ ಕೇರ್‌ಗೆ ಅಲ್ಲ, ಪೀರಿಂಗ್‌ಡಿಬಿಯಲ್ಲಿ ಕೊಟ್ಟಿರುವ ನಾಕ್ (ನೆಟ್‌ವರ್ಕ್ ನೋಡಿಕೊಳ್ಳುವ ತಂಡ) ವಿಳಾಸಕ್ಕೆ ಕಳಿಸಿ. ಇನ್ನೊಂದು ಪ್ರತಿ ಆಫೀಸಿನವರ ಕೈಯಿಂದ ಅವರ ಕಂಪನಿಗೆ ಹೋಗಲಿ. ಅಲ್ಲಿ ಹಣ ಕಟ್ಟುವವರು ಅವರು.

ಒಂಬತ್ತು_ಗಂಟೆ ಬರೆದದ್ದು (ಹನ್ನೊಂದು ದಿನದ ನಂತರ):

ಎಲ್ಲರಿಗೂ ತಿಳಿಸಲೇಬೇಕು ಎಂದು ಬಂದೆ. ಮನೆಯ ಕಂಪನಿಯ ನಾಕ್‌ನಿಂದ ಮೂರನೇ ದಿನ ಉತ್ತರ ಬಂತು. ದೊಡ್ಡ ಕಂಪನಿಯ ಜೊತೆ ಮತ್ತೆ ಮಾತಾಡಿದ್ದಾರೆ. ಊರೊಳಗಿನ ರೌಟ್‌ಗಳನ್ನು ಮಾತ್ರ ಎಕ್ಸ್‌ಚೇಂಜ್‌ನ ರೌಟ್ ಸರ್ವರ್ ಮೂಲಕ ಬದಲಾಯಿಸಿಕೊಳ್ಳಲು ಅವರು ಒಪ್ಪಿದ್ದಾರೆ. ಈಗ ನನ್ನ ಟ್ರೇಸ್‌ರೌಟ್ ಎಕ್ಸ್‌ಚೇಂಜ್ ಮೂಲಕವೇ ಹೋಗುತ್ತಿದೆ. ಸಮುದ್ರ ದಾಟುತ್ತಿಲ್ಲ. ಆದರೆ ಸಮಯ ನೋಡಿದರೆ ಇನ್ನೂ 95 ಮಿಲಿಸೆಕೆಂಡ್!

ನಾಲ್ಕನೇ_ರ್ಯಾಕ್ ಬರೆದದ್ದು:

ಬರುವ ದಾರಿ ಇನ್ನೂ ಹಳೆಯದೇ. ಎಕ್ಸ್‌ಚೇಂಜ್‌ನ ಲುಕಿಂಗ್ ಗ್ಲಾಸ್ (ರೌಟ್ ಸರ್ವರ್ ಯಾವ ರೌಟ್ ಒಪ್ಪಿದೆ ಎಂದು ತೋರಿಸುವ) ಪುಟಕ್ಕೆ ಹೋಗಿ ನಿಮ್ಮ ಮನೆಯ ಐಪಿ ವಿಳಾಸದ ಬ್ಲಾಕ್ (ಗುಂಪು) ಅಲ್ಲಿದೆಯಾ ನೋಡಿ.

ಒಂಬತ್ತು_ಗಂಟೆ ಬರೆದದ್ದು:

ಇಲ್ಲ. ತಿರಸ್ಕರಿಸಲಾಗಿದೆ ಎಂದು ತೋರಿಸುತ್ತಿದೆ.

ನಾಲ್ಕನೇ_ರ್ಯಾಕ್ ಬರೆದದ್ದು:

ಹಾಗಾದರೆ ಈ ಸಲ ತಪ್ಪು ದೊಡ್ಡವರದಲ್ಲ. ನಿಮ್ಮ ಕಂಪನಿ ಆ ಬ್ಲಾಕ್‌ಗೆ ರೌಟ್ ಆಬ್ಜೆಕ್ಟ್ (ಈ ವಿಳಾಸಗಳು ನಮ್ಮ ನೆಟ್‌ವರ್ಕ್‌ನವು ಎಂಬ ದಾಖಲೆ) ನೋಂದಾಯಿಸಿಲ್ಲ. ನೋಂದಣಿ ಇಲ್ಲದ ವಿಳಾಸವನ್ನು ರೌಟ್ ಸರ್ವರ್ ಒಳಗೆ ಬಿಡುವುದಿಲ್ಲ. ಬಿಡಬಾರದು ಕೂಡ, ಇಲ್ಲದಿದ್ದರೆ ಯಾರು ಬೇಕಾದರೂ ಯಾರ ವಿಳಾಸವನ್ನಾದರೂ ನನ್ನದು ಎನ್ನಬಹುದು. ಹತ್ತು ನಿಮಿಷದ ಕೆಲಸ. ಸಣ್ಣ ಕಂಪನಿಯವರಾದ ನಮಗೆ ಇದು ನೋವಿನ ವಿಷಯ. ದೊಡ್ಡವರ ಬಾಗಿಲು ತಟ್ಟುವ ಮೊದಲು ನಮ್ಮ ಕಾಗದ ಸರಿ ಇರಬೇಕು.

ಒಂಬತ್ತು_ಗಂಟೆ ಬರೆದದ್ದು (ಎರಡು ದಿನದ ನಂತರ):

ನೋಂದಣಿ ಆಯಿತು. ಹಗಲು 5 ಮಿಲಿಸೆಕೆಂಡ್! ಸುಮಾರು ಆರು ವಾರದ ಮೇಲೆ ಮೊದಲ ಸಲ ಫೈಲ್ ಒತ್ತಿದ ತಕ್ಷಣ ತೆರೆಯಿತು. ನಿಮಗೆಲ್ಲ ಹೇಗೆ ಧನ್ಯವಾದ ಹೇಳಬೇಕೋ ಗೊತ್ತಿಲ್ಲ.

ಆದರೆ ರಾತ್ರಿ ಒಂಬತ್ತಕ್ಕೆ ಎಕ್ಸ್‌ಚೇಂಜ್ ಹಾಪ್‌ನಿಂದ ಕೊನೆಯವರೆಗೂ ಶೇಕಡಾ 4 ಲಾಸ್ ಇದೆ. ಲೇಟೆನ್ಸಿಯೂ 40ಕ್ಕೆ ಏರುತ್ತದೆ. ಹನ್ನೊಂದೂವರೆಗೆ ಮತ್ತೆ 5.

ಹಳೇ_ಬೆನ್ನೆಲುಬು ಬರೆದದ್ದು:

ಪೋರ್ಟ್ ತುಂಬಿದೆ. ಯಾರ ಪೋರ್ಟ್ ಅಂತ ನೋಡಬೇಕು. ಆ ಎಕ್ಸ್‌ಚೇಂಜ್‌ನಲ್ಲಿ ನಿಮ್ಮ ಮನೆಯ ಕಂಪನಿಗೆ ಎಷ್ಟು ಗಿಗಾಬಿಟ್ ಎಂದು ಪೀರಿಂಗ್‌ಡಿಬಿಯಲ್ಲೇ ಬರೆದಿರುತ್ತದೆ.

ಒಂಬತ್ತು_ಗಂಟೆ ಬರೆದದ್ದು:

ಮನೆಯ ಕಂಪನಿಗೆ 10, ದೊಡ್ಡ ಕಂಪನಿಗೂ 10.

ಹಳೇ_ಬೆನ್ನೆಲುಬು ಬರೆದದ್ದು:

ಅಷ್ಟು ದೊಡ್ಡ ಕಂಪನಿಗೆ 10 ತೀರಾ ಕಡಿಮೆ. ಅವರ ಕಡೆಯದೇ ತುಂಬಿರಬೇಕು. ಇದು ಆಫೀಸಿನವರ ದೂರಿನಲ್ಲಿ ಹೋಗಲಿ. ಐದು ರಾತ್ರಿಯ ಎಂಟಿಆರ್ ಫಲಿತಾಂಶ ಇಲ್ಲಿ ಹಾಕಿ. ಕೆಪಾಸಿಟಿ ವಿಭಾಗದವರು ಯಾವ ಅಂಕಿ ನೋಡಿದರೆ ಪೋರ್ಟ್ ಹೆಚ್ಚಿಸಲು ಸಹಿ ಹಾಕುತ್ತಾರೆ ಎಂದು ನನಗೆ ಗೊತ್ತು. ಪತ್ರ ನಾನು ಬರೆದುಕೊಡುತ್ತೇನೆ.